ಅಂಕ ಗೈಡ್ ಕೈಲಿ, ಸಹಿ ಅಕ್ಕನ ಕೈಲಿ: ಚಿಕ್ಕಬಳ್ಳಾಪುರದ ಒಂದು ಪ್ರಾಜೆಕ್ಟ್ ಪ್ರಕರಣ

ಆರನೇ ಸೆಮಿಸ್ಟರ್ ಶುರುವಾದ ಕೂಡಲೇ ನಮ್ಮ ಮೆಕ್ಯಾನಿಕಲ್ ವಿಭಾಗದ ನೋಟಿಸ್ ಬೋರ್ಡ್ ಮೇಲೆ ಪ್ರಾಜೆಕ್ಟ್ ಬ್ಯಾಚ್‌ಗಳ ಪಟ್ಟಿ ಬೀಳುತ್ತದೆ. ನಾಲ್ಕು ಜನಕ್ಕೊಂದು ಬ್ಯಾಚ್. ಆರನೇ ಸೆಮಿಸ್ಟರ್‌ನಲ್ಲಿ ಮೊದಲ ಹಂತ, ಏಳನೇದರಲ್ಲಿ ಎರಡನೇ ಹಂತ, ಎಂಟನೇದರಲ್ಲಿ ಇಂಟರ್ನ್‌ಶಿಪ್. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2022ರ ಸ್ಕೀಮ್ ಇರುವುದೇ ಹಾಗೆ. ಒಬ್ಬೊಬ್ಬ ಗೈಡ್‌ಗೆ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಷ್ಟ್ರಿಗೆ, ಮೂರೋ ನಾಲ್ಕೋ ಬ್ಯಾಚ್ ಬರುತ್ತವೆ. ಅವರಿಗೆ ಪಾಠ, ಲ್ಯಾಬ್, ಇಂಟರ್ನಲ್ಸ್ ಪೇಪರ್ ತಿದ್ದೋದು, ಕಾಲೇಜಿನ ಮಾನ್ಯತೆಗೆ ಬೇಕಾದ ಎನ್‌ಬಿಎ ಫೈಲು ಎಲ್ಲ ಇದ್ದೇ ಇರುತ್ತದೆ. ಹಾಗಾಗಿ ಶನಿವಾರ ಬೆಳಿಗ್ಗೆ ಸ್ಟಾಫ್ ರೂಮ್ ಮುಂದೆ ಹುಡುಗರು ಡೈರಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. "ಎಲ್ಲಿಗೆ ಬಂತಪ್ಪಾ?" "ಲಿಟರೇಚರ್ ಸರ್ವೆ ನಡೀತಿದೆ ಸಾರ್." ಸಹಿ ಬೀಳುತ್ತದೆ. ಮುಂದಿನ ಶನಿವಾರ ಮತ್ತೆ ಅದೇ ಮಾತು, ಅದೇ ಸಹಿ.

ಇದನ್ನು ಸ್ವಲ್ಪವಾದರೂ ಬದಲಾಯಿಸೋಣ ಅಂತ ಎಂ.ಟೆಕ್ ವಿದ್ಯಾರ್ಥಿಗಳನ್ನು ಬಿ.ಇ. ಪ್ರಾಜೆಕ್ಟ್‌ಗಳಿಗೆ ಜೋಡಿಸಿದೆವು. ಅದರಲ್ಲಿ ಒಂದು ತಂಡದ ಕಥೆ ಇದು. ಕಾಲೇಜು ಚಿಕ್ಕಬಳ್ಳಾಪುರ ಜಿಲ್ಲೆಯದು, ಹೆಸರು ಬೇಡ. ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸ ನನ್ನದಾಗಿತ್ತು. ಡೈರಿಗಳು, ರಿವ್ಯೂ ಹಾಳೆಗಳು ನನ್ನ ಬೀರುವಿನಲ್ಲೇ ಇದ್ದವು, ಇನ್ನೂ ಇವೆ.

ಎಂ.ಟೆಕ್‌ನವರು ಯಾಕೆ?

ಐಐಟಿಗಳಲ್ಲಿ ಎಂ.ಟೆಕ್ ವಿದ್ಯಾರ್ಥಿಗಳು ಟ್ಯುಟೋರಿಯಲ್, ಲ್ಯಾಬ್ ನೋಡಿಕೊಳ್ಳುವುದು ಹಳೆಯ ಪದ್ಧತಿ. ನಮ್ಮಂಥ ಕಾಲೇಜಿನಲ್ಲಿ ಅದು ಇರಲಿಲ್ಲ. ಆದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಪಾಸಾಗಿ ಬಂದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಕೊಡುತ್ತದೆ. ಅದಕ್ಕೆ ಬದಲಾಗಿ ವಾರಕ್ಕೆ 8ರಿಂದ 10 ಗಂಟೆ ಬೋಧನೆ ಅಥವಾ ಸಂಶೋಧನೆಗೆ ಸಂಬಂಧಿಸಿದ ಕೆಲಸ ಮಾಡಬೇಕು ಅನ್ನೋ ಷರತ್ತೂ ಇದೆ. ನಮ್ಮಲ್ಲಿ ಆ ಗಂಟೆಗಳು ಹೋಗುತ್ತಿದ್ದದ್ದು ಇನ್ವಿಜಿಲೇಷನ್‌ಗೆ, ಫೈಲು ಜೋಡಿಸೋದಕ್ಕೆ, ಸೆಮಿನಾರ್ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಚ್ಚೋದಕ್ಕೆ. ಅದರ ಬದಲು ಪ್ರಾಜೆಕ್ಟ್ ತಂಡಗಳ ಜೊತೆ ಕೂರಲಿ ಅಂತ ವಿಭಾಗದ ಸಭೆಯಲ್ಲಿ ಒಪ್ಪಿಗೆಯಾಯಿತು.

ಒಪ್ಪಿಗೆ ಸುಲಭವಾಗಿ ಬಂತು ಅಂದುಕೊಳ್ಳಬೇಡಿ. ಒಬ್ಬ ಹಿರಿಯ ಮೇಷ್ಟ್ರು ನೇರವಾಗಿ ಕೇಳಿದರು: "ಹಂಗಾದ್ರೆ ನಾನೇನು ರಬ್ಬರ್ ಸ್ಟ್ಯಾಂಪಾ?" ಪ್ರಶ್ನೆ ನ್ಯಾಯವಾದದ್ದೇ. ಎಂ.ಟೆಕ್ ಹುಡುಗಿ ಒಂದು ಹೇಳಿ, ಗೈಡ್ ಇನ್ನೊಂದು ಹೇಳಿದರೆ ಬಿ.ಇ. ಮಕ್ಕಳು ಯಾರ ಮಾತು ಕೇಳಬೇಕು? ಅದಕ್ಕೆ ಆಗ ನಮ್ಮ ಬಳಿ ಉತ್ತರ ಇರಲಿಲ್ಲ. ವಾರಕ್ಕೊಂದು ಸಲ ತಂಡದ ಜೊತೆ ಕೂತು ಮಾತಾಡಲಿ, ನೋಡೋಣ ಅಂತ ಶುರು ಮಾಡಿದೆವು.

ಶುರುವಿನಲ್ಲಿ ನಡೆದದ್ದು ಯಾರಾದರೂ ಊಹಿಸಬಹುದಾದದ್ದೇ. ಮೊದಲ ವಾರ ನಾಲ್ಕೂ ಜನ ಬಂದರು. ಎರಡನೇ ವಾರ ಇಬ್ಬರು. ಆಮೇಲೆ "ಅಕ್ಕಾ, ಇವತ್ತು ಇಂಟರ್ನಲ್ಸ್ ಇದೆ" ಅನ್ನೋ ವಾಟ್ಸ್‌ಆ್ಯಪ್ ಸಂದೇಶ. ಅಂಕ ಕೊಡುವುದು ಗೈಡ್ ಮತ್ತು ವಿಭಾಗದ ಸಮಿತಿ. ಅಕ್ಕನ, ಅಂದರೆ ಎಂ.ಟೆಕ್ ಹುಡುಗಿಯ ಕೈಲಿ ಏನೂ ಇಲ್ಲ ಅಂತ ಮಕ್ಕಳಿಗೆ ಬೇಗ ಗೊತ್ತಾಯಿತು.

ಸಹಿ ಯಾರದ್ದು?

ಹಾಗಾದರೆ ಎಂ.ಟೆಕ್‌ನವರಿಗೂ 10 ಅಂಕ ಕೊಡುವ ಅಧಿಕಾರ ಕೊಟ್ಟುಬಿಡೋಣ ಅನ್ನೋ ಸಲಹೆ ಬಂತು. ಅದನ್ನು ಬಿಟ್ಟದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಅಂಕ ಕೈಗೆ ಬಂದ ದಿನವೇ ಅಕ್ಕ ಇನ್ನೊಬ್ಬ ಗೈಡ್ ಆಗುತ್ತಾಳೆ. "ಗೊತ್ತಿಲ್ಲ ಅಕ್ಕಾ" ಅನ್ನುವ ಹುಡುಗ "ನಡೀತಿದೆ ಮೇಡಂ" ಅನ್ನೋಕೆ ಶುರು ಮಾಡುತ್ತಾನೆ. ಎರಡು ವರ್ಷ ದೊಡ್ಡವರ ಮುಂದೆ ಗೊತ್ತಿಲ್ಲ ಅನ್ನೋದು ಸುಲಭ. ಎಂ.ಟೆಕ್‌ನವರನ್ನು ಕರೆತಂದದ್ದೇ ಆ ಸಲಿಗೆಗೋಸ್ಕರ ಅಲ್ವಾ?

ದಾರಿ ತೋರಿಸಿದ್ದು ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಅವರ ಗೋಳು ಬೇರೆಯೇ ಇತ್ತು. "ಅಳತೆನೇ ಇಲ್ದಿರೋ ಡ್ರಾಯಿಂಗ್ ತಂದು ಕಟ್ ಮಾಡಿಕೊಡಿ ಅಂತಾರೆ ಸಾರ್. ಕಟ್ ಮಾಡಿದ್ಮೇಲೆ ಒಂದಿಂಚು ಕಮ್ಮಿ ಆಯ್ತು ಅಂತ ನನ್ನ ಮೇಲೇ ಹೇಳ್ತಾರೆ. ಮೊದ್ಲು ಯಾರಾದ್ರೂ ನೋಡಿ ಕಳಿಸಿ." ಅಲ್ಲಿಂದ ಹುಟ್ಟಿದ್ದೇ ನಾವು ವರ್ಕ್‌ಶಾಪ್ ಹಾಳೆ ಅಂತ ಕರೆಯುವ ಒಂದು ಎ4 ಕಾಗದ. ಮೇಲೆ ಭಾಗದ ಡ್ರಾಯಿಂಗ್, ಅಳತೆ, ಬೇಕಾದ ಸಾಮಾನು. ಕೆಳಗೆ ಮೂರು ಪ್ರಶ್ನೆ: ಈ ಭಾಗ ಯಾಕೆ ಬೇಕು? ಇದು ಕೆಟ್ಟರೆ ಏನಾಗುತ್ತದೆ? ಇದನ್ನು ಬಿಚ್ಚೋದು ಹೇಗೆ? ಅದರ ಕೆಳಗೆ ಎಂ.ಟೆಕ್ ವಿದ್ಯಾರ್ಥಿಯ ಸಹಿ. ಸಹಿ ಇಲ್ಲದ ಹಾಳೆಗೆ ವರ್ಕ್‌ಶಾಪ್‌ನಲ್ಲಿ ಗರಗಸ ಓಡುವುದಿಲ್ಲ, ವೆಲ್ಡಿಂಗ್ ಆಗುವುದಿಲ್ಲ.

ಅಂಕ ಗೈಡ್ ಹತ್ತಿರವೇ ಉಳಿಯಿತು, ಸಾಮಾನು ಕತ್ತರಿಸುವ ಅನುಮತಿ ಅಕ್ಕನ ಹತ್ತಿರ ಹೋಯಿತು. ಗೈಡ್ ತಿಂಗಳಿಗೊಮ್ಮೆ ರಿವ್ಯೂ ಮಾಡುತ್ತಾರೆ. ಅಲ್ಲಿ ಎಂ.ಟೆಕ್ ವಿದ್ಯಾರ್ಥಿ ಹಿಂದಿನ ಬೆಂಚಿನಲ್ಲಿ ಕೂರಬೇಕು, ಹಾಳೆಯ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡಬೇಕು. ರಬ್ಬರ್ ಸ್ಟ್ಯಾಂಪ್ ಅಂದಿದ್ದ ಮೇಷ್ಟ್ರು ಇದಕ್ಕೆ ಒಪ್ಪಿದರು. ಈ ಇಡೀ ಪ್ರಕರಣದಲ್ಲಿ ಕೆಲಸ ಮಾಡಿದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಹಾಳೆಯನ್ನೇ.

ಹುಳು ಮನೆಯಲ್ಲಿ

ಈಗ ತಂಡಕ್ಕೆ ಬರೋಣ. ಶಿಡ್ಲಘಟ್ಟ ಕಡೆಯ ಒಬ್ಬ ಹುಡುಗ, ಚಿಂತಾಮಣಿಯ ಒಬ್ಬ ಹುಡುಗಿ, ಯಲಹಂಕದಿಂದ ದಿನಾ ಬಸ್ಸಿನಲ್ಲಿ ಬರುವ ಇಬ್ಬರು. ಇವರಿಗೆ ಸಿಕ್ಕ ಅಕ್ಕ ಗೌರಿಬಿದನೂರಿನವಳು, ಥರ್ಮಲ್ ಎಂಜಿನಿಯರಿಂಗ್ ಎಂ.ಟೆಕ್, ಎರಡನೇ ಸೆಮಿಸ್ಟರ್.

ತಂಡ ತಂದ ಶೀರ್ಷಿಕೆ: "ಐಒಟಿ ಆಧಾರಿತ ಸ್ಮಾರ್ಟ್ ರೇಷ್ಮೆ ಸಾಕಾಣಿಕೆ ವ್ಯವಸ್ಥೆ." ಐಒಟಿ ಅಂದರೆ ಸಾಧನಗಳನ್ನು ಇಂಟರ್ನೆಟ್‌ಗೆ ಜೋಡಿಸುವುದು. ಈ ಜಿಲ್ಲೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಹೋದವರಿಗೆ ಈ ಶೀರ್ಷಿಕೆ ಹೊಸದಲ್ಲ. ಒಂದು ನೋಡ್‌ಎಂಸಿಯು ಬೋರ್ಡ್, ಒಂದು ಡಿಎಚ್‌ಟಿ11 ಸೆನ್ಸರ್, ಥರ್ಮಕೋಲ್‌ನಲ್ಲಿ ಒಂದು ಪುಟ್ಟ ಮನೆ, ಮೊಬೈಲ್‌ನಲ್ಲಿ ಉಷ್ಣತೆ ಮತ್ತು ತೇವಾಂಶ ತೋರಿಸುವ ಆ್ಯಪ್. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇರುವ ಜಿಲ್ಲೆ ನಮ್ಮದು. ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇಗೆ ಇಂಥ ಮಾದರಿ ಒಂದಿಲ್ಲದಿದ್ದರೆ ಹಬ್ಬ ಮುಗಿಯುವುದೇ ಇಲ್ಲ.

ಗೈಡ್ ಶೀರ್ಷಿಕೆಗೆ ಒಪ್ಪಿಗೆ ಕೊಟ್ಟಿದ್ದರು. ಅಕ್ಕ ಅದನ್ನು ಬೇಡ ಅನ್ನಲಿಲ್ಲ. "ನಿಮ್ಮಲ್ಲಿ ಯಾರಾದ್ರೂ ಹುಳ ಸಾಕಿದ್ದೀರಾ?" ಅಂತ ಮಾತ್ರ ಕೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಿಡ್ಲಘಟ್ಟದ ಹುಡುಗ, "ನಮ್ಮ ದೊಡ್ಡಮ್ಮನ ಮನೇಲಿ ಸಾಕ್ತಾರೆ ಅಕ್ಕಾ. ರಜದಲ್ಲಿ ನಾನೂ ಸೊಪ್ಪು ಹಾಕ್ತೀನಿ" ಅಂದ. ಶೀರ್ಷಿಕೆ ಆರಿಸುವಾಗ, ಗೈಡ್ ಮುಂದೆ, ಮೊದಲ ರಿವ್ಯೂನಲ್ಲಿ, ಎಲ್ಲೂ ಆ ಹುಡುಗ ಇದನ್ನು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಮನೆಯಲ್ಲಿ ಹುಳ ಸಾಕುವುದು ಎಂಜಿನಿಯರಿಂಗ್‌ಗೆ ಸಂಬಂಧಪಟ್ಟ ವಿಷಯ ಅಂತ ಅವನಿಗೆ ಅನಿಸಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಐದೂ ಜನ ಆ ಹುಳು ಮನೆಗೆ ಹೋದರು. ಸಿಮೆಂಟ್ ಶೀಟಿನ ಮನೆ, ಒಳಗೆ ಮೂರು ಅಂತಸ್ತಿನ ಅಟ್ಟಣಿಗೆ. ಹುಳ ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಕೊನೆಯ ಹಂತಕ್ಕೆ ಬಂದಿದ್ದವು. ರೇಷ್ಮೆ ಸಾಕುವವರಿಗೆ ಇದರ ಅರ್ಥ ಗೊತ್ತು. ಇಡೀ ಬೆಳೆಯಲ್ಲಿ ಹುಳ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಜಾಸ್ತಿ ಈ ಕೊನೆಯ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಈ ಹಂತದಲ್ಲಿ 24ರಿಂದ 26 ಡಿಗ್ರಿ ಉಷ್ಣತೆ, ಶೇಕಡ 70ರ ಸುತ್ತಮುತ್ತ ತೇವಾಂಶ ಇರಬೇಕು. ಹೊರಗೆ ಅವತ್ತು 35 ಡಿಗ್ರಿ. ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿದ್ದರು. ಅರ್ಧ ಗಂಟೆಯಲ್ಲಿ ಚೀಲ ಒಣಗುತ್ತಿತ್ತು.

ಯಲಹಂಕದ ಹುಡುಗ ಉತ್ಸಾಹದಲ್ಲಿ ಸೆನ್ಸರ್ ತೆಗೆದು ದೊಡ್ಡಮ್ಮನಿಗೆ ಮೊಬೈಲ್ ತೋರಿಸಿದ. "ನೋಡಿ ಆಂಟಿ, ತೇವಾಂಶ ಕಮ್ಮಿ ಆದ್ರೆ ಇದು ಮೆಸೇಜ್ ಕಳ್ಸುತ್ತೆ." ಆ ತಾಯಿ ಸೊಪ್ಪು ಹರವುತ್ತಲೇ ಹೇಳಿದರು: "ಒಣಗೈತೆ ಅಂತ ನನಗೆ ಗೊತ್ತಾಗಲ್ವೇನಪ್ಪಾ? ಸೊಪ್ಪು ಮುಟ್ಟಿದ್ರೆ ಗೊತ್ತಾಗ್ತದೆ. ಗೊತ್ತಾದ್ಮೇಲೆ ಗೋಣಿಗೆ ನೀರ್ ಹೊಡೆಯೋರ್ ಯಾರು, ಅದ್ ಹೇಳು."

ಅಕ್ಕ ಅವತ್ತು ಅಲ್ಲಿ ಹೆಚ್ಚು ಮಾತಾಡಲಿಲ್ಲ. ಲ್ಯಾಬ್‌ನಿಂದ ಒಂದು ಸ್ಲಿಂಗ್ ಸೈಕ್ರೋಮೀಟರ್ ತಂದಿದ್ದಳು. ಎರಡು ಥರ್ಮಾಮೀಟರ್ ಇರುವ, ಕೈಯಲ್ಲಿ ಗಿರಗಿರ ತಿರುಗಿಸುವ ಹಳೇ ಸಾಧನ ಅದು. ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಚಿಂತಾಮಣಿ ಹುಡುಗಿಯ ಕೈಗೆ ಕೊಟ್ಟು ಅಂಗಳದಲ್ಲಿ ತಿರುಗಿಸು ಅಂದಳು. ಒಣ ಥರ್ಮಾಮೀಟರ್ 35, ಒದ್ದೆಯದ್ದು 22. ಅಂದರೆ ತೇವಾಂಶ ಶೇಕಡ 30ರ ಹತ್ತಿರ. "ನೀರು ಆರಿಸಿ ಗಾಳಿ ತಣ್ಣಗೆ ಮಾಡಿದ್ರೆ ಎಷ್ಟು ಡಿಗ್ರಿಗೆ ಇಳಿಸಬಹುದು? ಬಸ್ಸಲ್ಲಿ ಹೋಗ್ತಾ ಯೋಚನೆ ಮಾಡಿ." ಅಷ್ಟೇ ಹೇಳಿದ್ದು.

ಗಾಳಿಯ ಉಷ್ಣತೆ, ತೇವಾಂಶದ ಲೆಕ್ಕ ಹಾಕುವ ಸೈಕ್ರೋಮೆಟ್ರಿಕ್ ಚಾರ್ಟ್ ಅವರೆಲ್ಲ ಪರೀಕ್ಷೆಗೆ ಓದಿದ್ದದ್ದೇ. ಮುಂದಿನ ವಾರ ಹಾಳೆಯ ಮೇಲೆ ಲೆಕ್ಕ ಬಂತು. ನೀರು ಸುರಿಸಿದ ಪ್ಯಾಡ್ ಮೂಲಕ ಗಾಳಿ ಎಳೆದರೆ ಅದು ತಣ್ಣಗಾಗುತ್ತದೆ, ಆದರೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ 22ಕ್ಕಿಂತ ಕೆಳಗೆ ಇಳಿಯಲ್ಲ. 35ರಿಂದ 22ರವರೆಗಿನ ಇಳಿಕೆಯಲ್ಲಿ ಪ್ಯಾಡ್ ಶೇಕಡ 70ರಷ್ಟು ಕೆಲಸ ಮಾಡಿದರೆ ಗಾಳಿ 26 ಡಿಗ್ರಿಗೆ ಬರುತ್ತದೆ, ತೇವಾಂಶವೂ ಶೇಕಡ 70ರ ಆಸುಪಾಸಿಗೆ ಏರುತ್ತದೆ. ಹುಳಕ್ಕೆ ಬೇಕಾದ್ದು ಸರಿಯಾಗಿ ಅದೇ! ಲೆಕ್ಕ ಹೀಗೆ ಕೂಡಿ ಬಂದದ್ದು ನೋಡಿ ತಂಡಕ್ಕೆ ಎಲ್ಲಿಲ್ಲದ ಹುರುಪು ಬಂತು. ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿ ಎಳೆಯುವ ಫ್ಯಾನ್, ಒಂದು ಚದರ ಮೀಟರ್ ಪ್ಯಾಡ್, ಅದರ ಮೇಲೆ ನೀರು ಸುರಿಸುವ ಪುಟ್ಟ ಪಂಪು. ಶೀರ್ಷಿಕೆಯಿಂದ "ಐಒಟಿ", "ಸ್ಮಾರ್ಟ್" ಎರಡೂ ಉದುರಿದವು.

ಅಕ್ಕ ಕೇಳಿದ ಎರಡನೇ ಪ್ರಶ್ನೆ ಹುರುಪನ್ನು ಸ್ವಲ್ಪ ಇಳಿಸಿತು. ನೀರು ಎಷ್ಟು ಬೇಕು? ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 16 ಲೀಟರ್ ಆರಿ ಹೋಗುತ್ತದೆ. ಬಿಸಿಲಿನ ಎಂಟು ಗಂಟೆಗೆ 130 ಲೀಟರ್ ಹತ್ತಿರ ಬರುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿ ಇಲ್ಲದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಸಾಲದ್ದಕ್ಕೆ ಇಲ್ಲಿನ ಬೋರ್ ನೀರು ಗಡಸು. ನೀರು ಆರಿದಂತೆಲ್ಲ ಉಪ್ಪು ಪ್ಯಾಡ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಅದು ಕೂರದಿರಲು ತೊಟ್ಟಿಯ ನೀರನ್ನು ಆಗಾಗ ಸ್ವಲ್ಪ ಹೊರಗೆ ಬಿಡಬೇಕು. ಬಿಟ್ಟ ನೀರು ಎಲ್ಲಿಗೆ ಹೋಗಬೇಕು? ಹಿಪ್ಪುನೇರಳೆ ತೋಟದ ಕಾಲುವೆಗೆ ಒಂದು ಪೈಪ್ ಅಂತ ಚಿಂತಾಮಣಿ ಹುಡುಗಿ ಬರೆದಳು.

ಸಹಿ ಆಗದ ಹಾಳೆ

ಮೊದಲ ವರ್ಕ್‌ಶಾಪ್ ಹಾಳೆ ನನ್ನ ಮುಂದೆಯೇ ಇದೆ. ಪ್ಯಾಡ್ ಕೂರಿಸುವ ಚೌಕಟ್ಟಿನ ಡ್ರಾಯಿಂಗ್. ಅಳತೆ ಎಲ್ಲ ಸರಿಯಾಗಿದೆ. ಒಂದಿಂಚಿನ ಎಂಎಸ್ ಆಂಗಲ್ (ಎಲ್ ಆಕಾರದ ಉಕ್ಕಿನ ಪಟ್ಟಿ), ನಾಲ್ಕು ಮೂಲೆಗೆ ವೆಲ್ಡಿಂಗ್. "ಇದು ಕೆಟ್ಟರೆ ಏನಾಗುತ್ತದೆ?" ಅನ್ನೋ ಪ್ರಶ್ನೆಯ ಮುಂದೆ ಹುಡುಗರು ಬರೆದದ್ದು: "ಕೆಡುವುದಿಲ್ಲ." ಅಕ್ಕ ಕೆಂಪು ಪೆನ್ನಿನಲ್ಲಿ ಎರಡೇ ಸಾಲು ಬರೆದಿದ್ದಾಳೆ. "ಬೆಳೆ ಮುಗಿದ ಮೇಲೆ ಮನೆಗೆ ಏನು ಹೊಡೆಯುತ್ತಾರೆ?" "ಫ್ಯಾನ್ ನಿಂತಾಗ ಊಜಿ ಎಲ್ಲಿಂದ ಬರುತ್ತೆ?" ಸಹಿ ಇಲ್ಲ.

ಎರಡಕ್ಕೂ ಉತ್ತರ ಶಿಡ್ಲಘಟ್ಟದ ಹುಡುಗನ ತಲೆಯಲ್ಲೇ ಇತ್ತು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹೊಡೆಯುತ್ತಾರೆ, ರೋಗ ತಡೆಯೋಕೆ. ಬರೀ ಎಂಎಸ್ ಆಂಗಲ್ ಅದರ ಮುಂದೆ ಒಂದೆರಡು ಬೆಳೆಗೇ ತುಕ್ಕು ಹಿಡಿಯುತ್ತದೆ. ಇನ್ನು ಊಜಿ ನೊಣ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಬಂದ ನೊಣದ ಮರಿ ಆ ಹುಳವನ್ನು ಒಳಗಿಂದ ತಿಂದು ಹಾಕುತ್ತದೆ. ಅದಕ್ಕೇ ಪ್ರತಿ ಕಿಟಕಿಗೂ ನೈಲಾನ್ ಪರದೆ ಕಟ್ಟುವುದು. ಇವರ ಡ್ರಾಯಿಂಗ್‌ನಲ್ಲಿ ಗೋಡೆಗೆ ಒಂದು ಚದರ ಮೀಟರ್ ತೂತು, ಎದುರು ಗೋಡೆಗೆ ಫ್ಯಾನಿನ ತೂತು, ಎರಡಕ್ಕೂ ಪರದೆ ಇಲ್ಲ. ಕರೆಂಟ್ ಹೋದರೆ ಊಜಿಗೆ ಬಾಗಿಲು ತೆರೆದಂತೆಯೇ.

ಪರದೆ ಹಾಕಿದರೆ ಗಾಳಿಗೆ ತಡೆ ಬೀಳುತ್ತದೆ. ಫ್ಯಾನಿನ ಡಬ್ಬದ ಮೇಲೆ ಬರೆದಿರುವ ಗಾಳಿಯ ಲೆಕ್ಕ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು. ಪ್ಯಾಡ್, ಎರಡು ಪರದೆ ಅಡ್ಡ ಬಂದರೆ ಅಷ್ಟು ಗಾಳಿ ಬರಲ್ಲ. ಹಾಗಾಗಿ ಫ್ಯಾನ್ ಬದಲಾಯಿತು, ಪರದೆಯ ಚೌಕಟ್ಟು ದೊಡ್ಡದಾಯಿತು, ಆಂಗಲ್ ಜಾಗಕ್ಕೆ ದಪ್ಪ ಪಿವಿಸಿ ಬಂತು. ಒಂದು ಸಹಿ ತಡವಾದದ್ದಕ್ಕೆ ಅರ್ಧ ವಿನ್ಯಾಸವೇ ಬೇರೆಯಾಯಿತು. ಮಕ್ಕಳು ಗೊಣಗಿದರು. ಇಬ್ಬರು ನನ್ನ ಹತ್ತಿರ ದೂರು ತಂದರು: "ಬೇರೆ ಬ್ಯಾಚ್‌ನೋರು ಆಗಲೇ ಫ್ಯಾಬ್ರಿಕೇಷನ್ ಶುರು ಮಾಡಿದ್ದಾರೆ ಸಾರ್." ನಾನು ಆ ಇಬ್ಬರಿಗೆ ಹೇಳಿದ್ದು, ಹಾಳೆ ತಗೊಂಡು ದೊಡ್ಡಮ್ಮನ ಹತ್ತಿರ ಹೋಗಿ, ಅವರು ಗೋಡೆ ಒಡೆಯೋಕೆ ಒಪ್ಪಿದರೆ ನಾನೇ ಸಹಿ ಹಾಕ್ತೀನಿ ಅಂತ. ಹೋಗಲಿಲ್ಲ.

ಅಕ್ಕನಿಗೆ ಇದೆಲ್ಲ ಗೊತ್ತಿದ್ದು ಕೇಳಿದಳಾ? ಬ್ಲೀಚಿಂಗ್ ವಿಷಯ ಗೊತ್ತಿರಲಿಲ್ಲವಂತೆ. ಹುಳು ಮನೆ ಬಾಗಿಲಲ್ಲಿ ಒಂದು ಬಕೆಟ್, ಗೋಡೆ ಮೇಲೆ ಬಿಳಿ ಕಲೆ ನೋಡಿದ್ದಳು, ಅದಕ್ಕೆ ಕೇಳಿದಳು. ಒಳ್ಳೆಯ ವಿನ್ಯಾಸ ಗುರುವಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಅಂತ ನನಗೆ ಅನಿಸಿದ್ದುಂಟು.

ಆ್ಯಪ್ ಹುಡುಗನ ಸಿಟ್ಟು

ಯಲಹಂಕದ ಹುಡುಗನಿಗೆ ನಿಜಕ್ಕೂ ಬೇಜಾರಾಗಿತ್ತು. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ತೋರಿಸೋಕೆ ಅವನಿಗೆ ಆ್ಯಪ್ ಬೇಕಿತ್ತು. ಈಗ ತಂಡದಲ್ಲಿ ಅವನ ಪಾಲಿಗೆ ಉಳಿದದ್ದು ಪೈಪ್ ಜೋಡಿಸೋ ಕೆಲಸ. ಇದನ್ನು ಗೈಡ್ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಅವನು ಸಭೆಗೆ ಬಂದು ಸುಮ್ನೆ ಮೊಬೈಲ್ ನೋಡುತ್ತಾ ಕೂರುವುದನ್ನು ಕಂಡದ್ದು ಅಕ್ಕ.

ಪಂಪನ್ನು ತಾನಾಗಿ ಓಡಿಸೋ ವ್ಯವಸ್ಥೆ ಮಾಡ್ತೀನಿ ಅಂತ ಅವನು ಹಟ ಹಿಡಿದ. ಅಕ್ಕ ಸೆನ್ಸರಿನ ಡೇಟಾ ಶೀಟ್ ಮುಂದಿಟ್ಟಳು. ಡಿಎಚ್‌ಟಿ11ರಲ್ಲಿ ತೇವಾಂಶ 5 ಅಂಶ ಮೇಲೆ ಕೆಳಗೆ ತೋರಿಸಬಹುದು, ಉಷ್ಣತೆ 2 ಡಿಗ್ರಿ. ಮಳೆಗಾಲದಲ್ಲಿ ತೇವಾಂಶ ಹೇಗೂ ಜಾಸ್ತಿ. ಆಗ ತಪ್ಪಿ ಪಂಪ್ ಓಡಿದರೆ, ತೇವ ಜಾಸ್ತಿಯಾದಾಗ ಹುಳಕ್ಕೆ ತಗಲುವ ಸುಣ್ಣಕಟ್ಟು ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಕೊನೆಗೆ ತಂಡ ತೀರ್ಮಾನಿಸಿದ್ದು ಫ್ಯಾನಿಗೊಂದು, ಪಂಪಿಗೊಂದು, ಬೇರೆ ಬೇರೆ ಸ್ವಿಚ್. ಮಳೆಗಾಲದಲ್ಲಿ ಬರೀ ಫ್ಯಾನ್. ಯಾವಾಗ ಯಾವುದು ಅನ್ನೋದು ದೊಡ್ಡಮ್ಮನಿಗೆ ಬಿಟ್ಟದ್ದು. ಆ ಹುಡುಗನಿಗೆ ಎರಡು ಕೆಲಸ ಸಿಕ್ಕಿತು: ತೊಟ್ಟಿ ಖಾಲಿಯಾದರೆ ಪಂಪ್ ತಾನಾಗಿ ನಿಲ್ಲುವ ಸರ್ಕ್ಯೂಟ್, ಲ್ಯಾಬ್ ಪರೀಕ್ಷೆಯಲ್ಲಿ ರೀಡಿಂಗ್ ದಾಖಲಿಸುವ ವ್ಯವಸ್ಥೆ. ಎರಡೂ ನಿಜಕ್ಕೂ ಬೇಕಾಗಿದ್ದವು. ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ, ಆದರೆ ಮೊಬೈಲ್ ಜೇಬಿಗೆ ಹೋಯಿತು.

ನವೆಂಬರ್‌ನಲ್ಲಿ ಬೇಸಿಗೆ ಎಲ್ಲಿಂದ ತರೋದು?

ಪ್ರಾಜೆಕ್ಟ್ ಕ್ಯಾಲೆಂಡರ್ ಮಾಡುವ ನಾವು ಯಾರೂ ಯೋಚಿಸದ ಸಂಗತಿ ಇದು. ಬೇಸಿಗೆ ಬರುವುದು ಆರನೇ ಸೆಮಿಸ್ಟರ್‌ನಲ್ಲಿ, ಯಂತ್ರ ತಯಾರಾಗುವುದು ಏಳನೇದರ ಕೊನೆಗೆ. ಚಳಿಗಾಲಕ್ಕೆ ಕಾಲಿಡುವ ಚಿಕ್ಕಬಳ್ಳಾಪುರದಲ್ಲಿ ಗಾಳಿ ತಣ್ಣಗೆ ಮಾಡುವ ಯಂತ್ರವನ್ನು ಪರೀಕ್ಷೆ ಮಾಡೋದು ಹೇಗೆ? ನಂದಿ ಬೆಟ್ಟದ ಮಂಜು ನೋಡೋಕೆ ಜನ ಸಾಲುಗಟ್ಟುವ ಹೊತ್ತು ಅದು.

ತಂಡ ಲ್ಯಾಬ್‌ನಲ್ಲಿ ಹೀಟರ್ ಇಟ್ಟು ಗಾಳಿ ಕಾಯಿಸೋಣ ಅಂದಿತು. ಇಲ್ಲಿ ಅಕ್ಕನ ಥರ್ಮಲ್ ಓದು ನೇರವಾಗಿ ಕೆಲಸಕ್ಕೆ ಬಂತು. ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿಯನ್ನು 25ರಿಂದ 35ಕ್ಕೆ ಏರಿಸೋಕೆ 10 ಕಿಲೋವ್ಯಾಟ್ ದಾಟುತ್ತದೆ. ನಮ್ಮ ಲ್ಯಾಬಿನ ಫ್ಯೂಸ್ ಅಷ್ಟು ತಡೆಯಲ್ಲ. "ಪೂರ್ತಿ ಪ್ಯಾಡ್ ಯಾಕೆ? ಒಂದಡಿ ಚೌಕದ ತುಂಡು ಸಾಕಲ್ವಾ, ಗಾಳಿಯ ವೇಗ ಅದೇ ಇದ್ರೆ?" ಅಂತ ಕೇಳಿದಳು. ಆಗ ಒಂದು ಕಿಲೋವ್ಯಾಟ್ ಹೀಟರ್ ಸಾಕಾಗುತ್ತದೆ. ಇನ್ನೊಂದು ಅನುಕೂಲ ತಂಡದ ಲೆಕ್ಕದಲ್ಲೇ ಕಂಡಿತು. 25 ಡಿಗ್ರಿ, ಶೇಕಡ 60 ತೇವಾಂಶದ ಗಾಳಿಯನ್ನು ಸುಮ್ನೆ 35ಕ್ಕೆ ಕಾಯಿಸಿದರೆ ತೇವಾಂಶ ಶೇಕಡ 34ರ ಹತ್ತಿರ ಇಳಿಯುತ್ತದೆ. ಹೆಚ್ಚುಕಮ್ಮಿ ಅದೇ ಏಪ್ರಿಲ್ ಗಾಳಿ. ಗೋಣಿ, ತೆಂಗಿನ ನಾರಿನ ಚಾಪೆ, ಕಾಗದದ ಜೇನುಗೂಡು ಪ್ಯಾಡ್, ಮೂರನ್ನೂ ಹಾಗೆ ಪರೀಕ್ಷಿಸಿದರು. ಗೋಣಿ ನೀರು ಕುಡಿದು ಜೋತುಬಿತ್ತು, ಗಾಳಿ ಸಂದಿಯಲ್ಲಿ ನುಸುಳಿಹೋಯಿತು. ಜೇನುಗೂಡು ಪ್ಯಾಡ್ ಎಲ್ಲಕ್ಕಿಂತ ಚೆನ್ನಾಗಿತ್ತು. ನಾರಿನ ಚಾಪೆ ಅದರ ಹತ್ತಿರಕ್ಕೆ ಬಂತು, ಬೆಲೆ ತೀರಾ ಕಮ್ಮಿ, ತಿಪಟೂರು ಕಡೆಯಿಂದ ಸುಲಭವಾಗಿ ಸಿಗುತ್ತದೆ. ಹಿಂದೆ ಮುಂದೆ ಜಾಲರಿ ಕೊಟ್ಟು ನಾರಿನ ಚಾಪೆಯನ್ನೇ ಆರಿಸಿದರು.

ಈ ಹೊತ್ತಿಗೆ ಅಕ್ಕನ ಮೂರನೇ ಸೆಮಿಸ್ಟರ್. ಇಂಟರ್ನ್‌ಶಿಪ್‌ಗೆ ವಾರವಿಡೀ ಪೀಣ್ಯದಲ್ಲಿ. ಶನಿವಾರ ಮಾತ್ರ ಬರುತ್ತಿದ್ದಳು. ಹಾಳೆಯ ಫೋಟೋ ಕಳಿಸಿದರೆ ಸಹಿ ಹಾಕಲ್ಲ, ಎದುರು ಕೂತು ವಿವರಿಸಿದರೆ ಮಾತ್ರ ಅನ್ನೋ ನಿಯಮ ಮೊದಲೇ ಇತ್ತು. ಹಾಗಾಗಿ ಕೆಲಸ ನಿಧಾನವಾಯಿತು. ಪ್ರೊಡಕ್ಷನ್ ವಿಭಾಗದ ಇನ್ನೊಬ್ಬ ಎಂ.ಟೆಕ್ ಹುಡುಗನನ್ನು ಬದಲಿಗೆ ಹಾಕಿದೆವು. ಅವನು ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾನೆ ಅಂತ ತಂಡಕ್ಕೆ ಕಿರಿಕಿರಿ. ಆದರೆ ಹೊಸ ಕಣ್ಣಿಗೆ ಕಂಡದ್ದೂ ಇದೆ. ಪಂಪ್ ತೊಟ್ಟಿಯ ಅಡಿಯಲ್ಲಿ ಕೂತಿತ್ತು, ಅದನ್ನು ತೆಗೆಯಬೇಕಾದರೆ ಇಡೀ ಪ್ಯಾಡ್ ಬಿಚ್ಚಬೇಕು. "ಬೆಳೆ ನಡುವೆ ಪಂಪ್ ಕೆಟ್ರೆ?" ಅಂತ ಕೇಳಿದ. ಪಂಪ್ ಪಕ್ಕಕ್ಕೆ ಬಂತು.

ಪಕ್ಕದ ತಂಡ

ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಇನ್ನೊಂದು ತಂಡಕ್ಕೆ ಸಿಕ್ಕ ಎಂ.ಟೆಕ್ ಹುಡುಗ ಬಹಳ ಒಳ್ಳೆಯವನು. ಅದೇ ತೊಂದರೆಯಾಯಿತು. ರಾತ್ರಿ ಹನ್ನೊಂದಕ್ಕೆ "ಅಣ್ಣಾ, ಈ ಅಸೆಂಬ್ಲಿ ಕೂರ್ತಿಲ್ಲ" ಅಂದರೆ ತಾನೇ ಲ್ಯಾಪ್‌ಟಾಪ್ ತೆಗೆದು ಮಾಡಿ ಕಳಿಸುತ್ತಿದ್ದ. ರಿವ್ಯೂನಲ್ಲಿ ಚಿತ್ರ ಸೊಗಸಾಗಿತ್ತು. ಈ ಬೇರಿಂಗ್ ಯಾಕೆ ಹಾಕಿದ್ದೀರಿ ಅಂದರೆ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಿಯಮ ಬಂತು: ಎಂ.ಟೆಕ್‌ನವರು ತಂಡದ ಮೌಸ್ ಮುಟ್ಟುವಂತಿಲ್ಲ.

ಶುರು ಮಾಡುವ ಮುಂಚೆ ಎಂ.ಟೆಕ್‌ನವರನ್ನು ಒಂದು ಮಧ್ಯಾಹ್ನ ಕೂರಿಸಿ, ಹಳೆಯ ಡ್ರಾಯಿಂಗ್ ಒಂದನ್ನು ಕೊಟ್ಟು, ಉತ್ತರ ಹೇಳದೆ ಬರೀ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸುತ್ತೇವೆ ಈಗ. ಸುಲಭ ಅನಿಸುತ್ತದೆ, ಆದರೆ ಸುಲಭವಲ್ಲ. ಉತ್ತರ ಗೊತ್ತಿದ್ದವರಿಗೆ ಬಾಯಿ ಕಟ್ಟುವುದೇ ಕಷ್ಟ.

ದುಡ್ಡು, ಡೇಟಾ

ಪ್ಯಾಡ್ ಪರೀಕ್ಷೆಯ ರೀಡಿಂಗ್ ಅಕ್ಕನ ಸ್ವಂತ ಥೀಸಿಸ್‌ಗೂ ಉಪಯೋಗಕ್ಕೆ ಬರುವಂಥದ್ದು. ಬಿ.ಇ. ಮಕ್ಕಳ ಕೈಲಿ ಪುಕ್ಕಟೆ ಪ್ರಯೋಗ ಮಾಡಿಸಿಕೊಂಡಳು ಅಂತ ಮಾತು ಬರಬಾರದಲ್ವಾ? ತಂಡದ ಡೈರಿಯ ಮೊದಲ ಪುಟದಲ್ಲೇ ಬರೆಸಿದೆವು. ಲ್ಯಾಬ್ ರೀಡಿಂಗ್ ಅನ್ನು ಅಕ್ಕನೂ ಬಳಸಬಹುದು, ತಂಡವೂ ಬಳಸಬಹುದು. ಹುಳು ಮನೆಯ ರೀಡಿಂಗ್ ತಂಡದ್ದು. ಪೇಪರ್ ಬರೆದರೆ ರೀಡಿಂಗ್ ತೆಗೆದವರ ಹೆಸರು ಇರಲೇಬೇಕು. ಇದಕ್ಕೆ ಐದೂ ಜನ ಸಹಿ ಹಾಕಿದರು. ಹೊಸದಾಗಿ ಮಾಡುವವರು ಇದನ್ನು ಮೊದಲ ದಿನವೇ ಬರೆಸಿಕೊಳ್ಳಿ. ಯಂತ್ರ ಓಡಿದ ಮೇಲೆ ಈ ಮಾತು ತೆಗೆದರೆ ಜಗಳ.

ದುಡ್ಡಿನ ವಿಷಯ ಮಾತ್ರ ಬಗೆಹರಿದಿಲ್ಲ. ಅಕ್ಕನಿಗೆ ಗೇಟ್ ಸ್ಕಾಲರ್‌ಶಿಪ್ ಇತ್ತು. ಬದಲಿಗೆ ಬಂದ ಹುಡುಗನಿಗೆ ಇರಲಿಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಅವನಿಗೆ ನಾವು ಕೊಟ್ಟದ್ದು ಒಂದು ಸರ್ಟಿಫಿಕೇಟು, ಬೋಧನೆಯ ಅನುಭವ ಅನ್ನೋ ಒಂದು ಸಾಲು. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಗೌರವಧನಕ್ಕೆ ಆಡಳಿತ ಮಂಡಳಿಗೆ ಪತ್ರ ಹೋಗಿದೆ. ಫೈಲು ಅಲ್ಲೇ ಇದೆ. ಅದು ಬರುವವರೆಗೆ ಸ್ಕಾಲರ್‌ಶಿಪ್ ಇಲ್ಲದವರನ್ನು ಅವರಾಗಿ ಒಪ್ಪಿದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಒಂದೇ ತಂಡಕ್ಕೆ.

ಈಗ

ಯಂತ್ರ ದೊಡ್ಡಮ್ಮನ ಹುಳು ಮನೆಯಲ್ಲಿದೆ. ಮರು ಏಪ್ರಿಲ್‌ನಲ್ಲಿ ಅದು ಓಡುವಾಗ ತಂಡದ ಮೂವರು ಇಂಟರ್ನ್‌ಶಿಪ್‌ನಲ್ಲಿ ಬೆಂಗಳೂರು ಸೇರಿದ್ದರು. ರೀಡಿಂಗ್ ತೆಗೆದದ್ದು ಶಿಡ್ಲಘಟ್ಟದ ಹುಡುಗ ಒಬ್ಬನೇ. ಗಾಳಿ ತಣ್ಣಗಾಗುತ್ತದೆ, ಆದರೆ ಕಾಗದದ ಲೆಕ್ಕದಷ್ಟು ಅಲ್ಲ. ಸಿಮೆಂಟ್ ಶೀಟಿನಿಂದ ಇಳಿಯುವ ಕಾವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ನೀರು ಹೊರಬಿಡುವ ನಲ್ಲಿಯನ್ನು ದೊಡ್ಡಮ್ಮ ಮುಚ್ಚಿಬಿಟ್ಟಿದ್ದರು, ನೀರು ದಂಡ ಅಂತ. ನಾರಿನ ಮೇಲೆ ಬಿಳಿ ಪದರ ಬಂದ ಮೇಲೆ ತಾವೇ ಮತ್ತೆ ತೆರೆದರು.

ಹೊಸ ಬ್ಯಾಚ್‌ಗಳ ವರ್ಕ್‌ಶಾಪ್ ಹಾಳೆಯಲ್ಲಿ ಮೂರು ಪ್ರಶ್ನೆಯ ಜೊತೆಗೆ ಒಂದು ನಾಲ್ಕನೇದು ಸೇರಿದೆ: "ಇದನ್ನು ಯಾವ ತಿಂಗಳಲ್ಲಿ ಪರೀಕ್ಷೆ ಮಾಡುತ್ತೀರಿ?" ಸೇರಿಸಬೇಕು ಅಂದದ್ದು ಅಕ್ಕ, ತನ್ನ ಕೊನೆಯ ಸೆಮಿಸ್ಟರ್‌ನಲ್ಲಿ. ಆ ಪ್ರಶ್ನೆಗೆ ಉತ್ತರ ಬರೆಯಲಾಗದೆ ಈ ವರ್ಷ ದ್ರಾಕ್ಷಿ ಒಣಗಿಸುವ ಯಂತ್ರದ ತಂಡವೊಂದು ಕ್ಯಾಲೆಂಡರ್ ತಿದ್ದಿಕೊಂಡು, ಮೊದಲ ಹಂತದಲ್ಲೇ ಅರ್ಧ ಯಂತ್ರ ಕಟ್ಟಿ ಮುಗಿಸಲು ಹೊರಟಿದೆ. ಆ ಹಾಳೆಗೆ ಸಹಿ ಹಾಕುತ್ತಿರುವವನು ಪಂಪನ್ನು ಪಕ್ಕಕ್ಕೆ ತಂದ ಹುಡುಗ.